ಸಹಾಯ ಬೇಕು: ಸ್ಲೀವ್ ಆಪರೇಷನ್ ಆಗಿ ನಾಲ್ಕು ವರ್ಷ, ತೂಕ ಮತ್ತೆ ಏರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು, ವಯಸ್ಸು 41. 2021ರಲ್ಲಿ ಹುಬ್ಬಳ್ಳಿಯಲ್ಲಿ ತೂಕ ಇಳಿಸುವ ಸ್ಲೀವ್ ಆಪರೇಷನ್ (ಹೊಟ್ಟೆಯ ಚೀಲದ ದೊಡ್ಡ ಭಾಗ ಕತ್ತರಿಸಿ ತೆಗೆದು ಸಣ್ಣದು ಮಾಡುವುದು) ಮಾಡಿಸಿಕೊಂಡೆ. 112 ಕೆಜಿ ಇದ್ದವಳು ಒಂದೂವರೆ ವರ್ಷದಲ್ಲಿ 74ಕ್ಕೆ ಇಳಿದೆ. ಕಳೆದ ವಾರ ನೋಡಿದರೆ 86.

ಊಟ ಜಾಸ್ತಿ ಆಗಿಲ್ಲ. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ. ತೊಂದರೆ ಇರುವುದು ಊಟಗಳ ನಡುವೆ. ಮಳೆ ಹಿಡಿಯಿತೆಂದರೆ ಹಲಸಿನ ಹಪ್ಪಳ, ನೆಂಟರು ತಂದ ತೊಡದೇವು, ದಿನಕ್ಕೆ ನಾಲ್ಕು ಸಲ ಬೆಲ್ಲ ಹಾಕಿದ ಕಷಾಯ. ಇವೆಲ್ಲ ಸಣ್ಣ ಹೊಟ್ಟೆಯಲ್ಲೂ ಸಲೀಸಾಗಿ ಇಳಿಯುತ್ತವೆ. ಹೊಟ್ಟೆ ಕತ್ತರಿಸಿದರು, ಬಾಯಿಚಪಲ ಹಾಗೇ ಉಳಿಯಿತು ನೋಡಿ!

ಸ್ವಲ್ಪ ತೂಕ ವಾಪಸ್ ಬರುವುದು ಹಲವರಿಗೆ ಆಗುತ್ತದೆ ಅಂತ ಗೊತ್ತು. ಆದರೆ ಅತ್ತೆ "ಅಷ್ಟು ದುಡ್ಡು ಹೊಳೆಗೆ ಹಾಕಿದ ಹಾಗಾಯ್ತು" ಅಂದ ಮೇಲೆ ಮನಸ್ಸು ಕುಗ್ಗಿದೆ. ನಾಚಿಕೆಯಿಂದ ಎರಡು ವರ್ಷ ಡಾಕ್ಟರ್ ಹತ್ತಿರ ಹೋಗಿಲ್ಲ. ರಕ್ತದಲ್ಲಿ ವಿಟಮಿನ್ ಬಿ12, ಕಬ್ಬಿಣದ ಅಂಶದ ಪರೀಕ್ಷೆಯೂ ಇಲ್ಲ. ತಪ್ಪು ನನ್ನದೇ, ಬೈಯಬೇಡಿ.

ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು ಅಂದಿದ್ದರು. ನಮ್ಮದು ಮೀನು, ಮೊಟ್ಟೆ ಇಲ್ಲದ ಮನೆ. ಇಂಥ ಮನೆಯವರು ಹೇಗೆ ನಿಭಾಯಿಸಿದಿರಿ? ಶಿರಸಿ, ಕುಮಟಾ ಸುತ್ತ ಈ ಆಪರೇಷನ್ ಬಗ್ಗೆ ಗೊತ್ತಿರುವ ಆಹಾರ ತಜ್ಞರು ಯಾರಾದರೂ ಇದ್ದಾರಾ? ತೂಕ ಇಳಿಸುವ ಪುಡಿ ಮಾರುವವರು ದಯವಿಟ್ಟು ಮೆಸೇಜ್ ಮಾಡಬೇಡಿ.