ಖಾಲಿ ಬಾಂಡಿನ ಮೇಲೆ ಹೆಬ್ಬೆಟ್ಟು: ಊರಿನವರೆಲ್ಲ ಸೇರಿ ಒಬ್ಬ ವಕೀಲರನ್ನು ಹಿಡಿಯುವುದು ಹೇಗೆ?

ಝೆರಾಕ್ಸ್ ಅಂಗಡಿ, ಬೀಳಗಿ ತಾಲೂಕು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಸರ ಮಾಡ್ಕೋಬೇಡಿ. ಅರ್ಜೆಂಟ್ ಕೂಡ ಇದೆ.

ನಾನು ಬೀಳಗಿ ತಾಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಹಳೇ ಊರು ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ನಾನಾಗ ನಾಲ್ಕನೇ ಇಯತ್ತೆ. ಬೇಸಿಗೆಯಲ್ಲಿ ನೀರು ಇಳಿದರೆ ಹಣಮಪ್ಪನ ಗುಡಿ ಕಟ್ಟೆ ಈಗಲೂ ಕಾಣುತ್ತದೆ. ಮಂದಿ ಹೋಗಿ ಕಾಯಿ ಒಡೆದು ಬರುತ್ತಾರೆ.

ಇರೋದು ಒಂದೇ ಝೆರಾಕ್ಸ್ ಅಂಗಡಿ. ಹಾಗಾಗಿ ಯಾರ ಮನೆ ಟ್ರಂಕಿನಲ್ಲಿ ಯಾವ ಕಾಗದ ಇದೆ ಅನ್ನೋದು ಅವರಿಗಿಂತ ನನಗೇ ಜಾಸ್ತಿ ಗೊತ್ತು. ಹೋದ ತಿಂಗಳು ನಮ್ಮ ಹೊಲದ ಬದುವಿಗೆ ಹತ್ತಿದ ಹೊಲದವರು ಒಂದು ತೀರ್ಪಿನ ನಕಲು ಮಾಡಿಸಲು ಬಂದರು. ಅವರು ಆಗಲೇ ಕೋರ್ಟಿಗೆ ಹೋಗಿದ್ದರು. ಅಷ್ಟು ವರ್ಷ ಓಡಾಡಿ ಈಗ ಎಕರೆಗೆ ಪರಿಹಾರ ಹೆಚ್ಚಾಗಿದೆ. ನಮ್ಮಪ್ಪ ಹೋಗಲಿಲ್ಲ. ಕೊಟ್ಟಷ್ಟು ತಗೊಂಡು ಇಲ್ಲಿ ಬೋರು ಹೊಡೆಸಿದರು, ನೀರು ಬೀಳಲಿಲ್ಲ, ಅಲ್ಲಿಗೆ ಮುಗೀತು. ಊರಲ್ಲಿ ಬಹಳ ಮಂದಿಯದು ಇದೇ ಕತೆ.

ತೀರ್ಪಿನ ಸುದ್ದಿ ಹಬ್ಬಿ ವಾರ ಆಗಿರಲಿಲ್ಲ, ಒಂದು ಕಾರು ಬಂತು. ಒಬ್ಬ ವಕೀಲರ ಕಡೆಯವರಂತೆ. ನಿಮಗೂ ಹೆಚ್ಚಿನ ಪರಿಹಾರ ತರಿಸಿಕೊಡ್ತೇವೆ, ಈಗ ಒಂದು ರೂಪಾಯಿ ಬೇಡ, ಬಂದದ್ದರಲ್ಲಿ ನೂರಕ್ಕೆ ಇಪ್ಪತ್ತು ಕೊಟ್ಟರೆ ಸಾಕು ಅಂದರು. ಗುಡಿಯಲ್ಲಿ ಕೂರಿಸಿ ಸಹಿ ತಗೊಂಡರು. ಆಮೇಲೆ ಬಾಂಡ್ ಪೇಪರ್ ಝೆರಾಕ್ಸ್ ಮಾಡಿಸಲು ನನ್ನ ಅಂಗಡಿಗೇ ಬಂದರು. 19 ಬಾಂಡು. ಹತ್ತೊಂಬತ್ತೂ ಖಾಲಿ. ಕೆಳಗೆ ಮಾತ್ರ ಸಹಿ, ಇಲ್ಲಾ ಹೆಬ್ಬೆಟ್ಟು. ಒಂದು ನಮ್ಮ ಮುತ್ಯಾನದು. ಮಸಿ ಇನ್ನೂ ಆರಿರಲಿಲ್ಲ, ಮಷಿನ್ ಗ್ಲಾಸಿಗೆ ನೀಲಿ ಹತ್ತಿತು. ಅದನ್ನು ಒರೆಸುವಾಗ ನನಗೆ ಯಾಕೋ ಕಸಿವಿಸಿ ಆಯಿತು. ಟೋನರ್ ಖಾಲಿ ಆಗಿದೆ, ನಾಳೆ ಬನ್ನಿ ಅಂತ ಸುಳ್ಳು ಹೇಳಿ ಬಾಂಡುಗಳನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಈ ಪರ್ಸೆಂಟ್ ವ್ಯವಹಾರ ಸರಿಯಾ? ಊರೇ ಒಟ್ಟಾಗಿ ಒಬ್ಬ ವಕೀಲರನ್ನು ಇಟ್ಟುಕೊಂಡು, ಏನು ಮಾಡಬೇಕು ಅನ್ನೋದನ್ನ ನಾವೂ ಕೂತು ಮಾತಾಡಿ ನಡೆಸೋಕೆ ಆಗುತ್ತಾ? ಇನ್ನೊಂದು, ನಮ್ಮಲ್ಲಿ ಸ್ಮಶಾನ ಇಲ್ಲ. ಸ್ವಂತ ಹೊಲ ಇದ್ದವರು ಹೊಲದಲ್ಲಿ ಮಣ್ಣು ಮಾಡುತ್ತಾರೆ. ಇಲ್ಲದವರು ಹಿನ್ನೀರಿನ ದಂಡೆಗೆ ಒಯ್ಯುತ್ತಾರೆ, ಮಳೆಗಾಲದಲ್ಲಿ ಆ ದಂಡೆಯೇ ಮುಳುಗಿರುತ್ತದೆ. ಇದನ್ನೂ ಅದೇ ಕೇಸಿಗೆ ಸೇರಿಸಬಹುದಾ?

ನಿವೃತ್ತ ಶಿರಸ್ತೇದಾರ, ನವನಗರ ಬಾಗಲಕೋಟೆ:

ತಮ್ಮಾ, ಮೊದಲು ಆ ಬಾಂಡು ಯಾರ್ಯಾರದೋ ಅವರವರ ಕೈಗೆ ವಾಪಸ್ ಕೊಡು. ನೀನೂ ಇಟ್ಟುಕೊಳ್ಳಬೇಡ, ಕಾರಿನವರಿಗೂ ಕೊಡಬೇಡ. ಖಾಲಿ ಬಾಂಡಿನ ಮೇಲೆ ನಾಳೆ ಸಾಲ ಅಂತ ಬರೆದರೂ ಬರೆದಂಗೇ.

ಪರ್ಸೆಂಟ್ ಲೆಕ್ಕ ತಪ್ಪು. ಗೆದ್ದರೆ ಇಷ್ಟು ಪಾಲು ಅಂತ ವಕೀಲರು ಫೀ ಮಾತಾಡಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮದಲ್ಲೇ ಇದೆ. ಆದರೂ ನಡೆಯುತ್ತದೆ. ನಾನು ಕೋರ್ಟಿನಲ್ಲಿ ಇದ್ದಷ್ಟು ವರ್ಷ ನೋಡಿದ್ದೇನೆ, ಸುಮ್ನೆ ಯಾಕೆ ಮುಚ್ಚಿಡಲಿ.

ಈಗ ಮುಖ್ಯ ಮಾತು. ನಿಮ್ಮ ಭೂಮಿ ಹೋದದ್ದು 1894ರ ಹಳೇ ಭೂಸ್ವಾಧೀನ ಕಾಯ್ದೆಯಲ್ಲಿ. ಅದರಲ್ಲಿ 28ಎ ಅಂತ ಒಂದು ಸೆಕ್ಷನ್ ಇದೆ. ಒಂದೇ ಅಧಿಸೂಚನೆಯಲ್ಲಿ, ಅಂದರೆ ಭೂಮಿ ತಗೊಳ್ಳುತ್ತೇವೆ ಅಂತ ಸರ್ಕಾರ ಹೊರಡಿಸಿದ ಒಂದೇ ಪ್ರಕಟಣೆಯಲ್ಲಿ, ಭೂಮಿ ಕಳೆದುಕೊಂಡವರಲ್ಲಿ ಒಬ್ಬರಿಗೆ ಕೋರ್ಟು ಪರಿಹಾರ ಹೆಚ್ಚಿಸಿದರೆ, ಆಗ ಸೆಕ್ಷನ್ 18ರಲ್ಲಿ, ಪರಿಹಾರ ಸಾಲದು, ಕೋರ್ಟಿಗೆ ಒಪ್ಪಿಸಿ ಅಂತ ಅರ್ಜಿ ಹಾಕದೇ ಕೂತವರೂ ನಮಗೂ ಅದೇ ದರ ಕೊಡಿ ಎಂದು ಕೇಳಬಹುದು. ಬಡವರಿಗೆ, ಓದು ಬಾರದವರಿಗೆ ಅಂತಲೇ 1984ರ ತಿದ್ದುಪಡಿಯಲ್ಲಿ ಇದನ್ನು ಸೇರಿಸಿದರು. ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. ಭೂಸ್ವಾಧೀನಾಧಿಕಾರಿಗೆ ಬರೆದ ಅರ್ಜಿ ಕೊಟ್ಟರೆ ಆಯಿತು. ನೂರಕ್ಕೆ ಇಪ್ಪತ್ತು ಯಾತಕ್ಕೆ ಅನ್ನೋದು ಈಗ ಗೊತ್ತಾಯ್ತಲ್ಲ.

ಆದರೆ ಗಡುವು ಬಿಗಿ. ಕೋರ್ಟಿನ ತೀರ್ಪು ಬಂದ ದಿನದಿಂದ ಮೂರು ತಿಂಗಳು. ತೀರ್ಪಿನ ದಿನ, ಮತ್ತೆ ನಕಲಿಗೆ ಅರ್ಜಿ ಹಾಕಿ ನಕಲು ಕೈಗೆ ಬರುವವರೆಗೆ ಹಿಡಿದ ದಿನ ಇದರಲ್ಲಿ ಲೆಕ್ಕಕ್ಕಿಲ್ಲ. ಅದಕ್ಕೇ ನಾಳೆ ಬೆಳಗ್ಗೆಯೇ ದೃಢೀಕೃತ ನಕಲಿಗೆ ಅರ್ಜಿ ಹಾಕು. ಬದುವಿನವರ ಝೆರಾಕ್ಸ್ ನಡೆಯಲ್ಲ. ತೀರ್ಪಿನಲ್ಲಿ ಅಧಿಸೂಚನೆ ನಂಬರ್, ತಾರೀಖು ಹುಡುಕು. ಅದನ್ನು ನಿಮ್ಮ ಐತೀರ್ಪಿನ (ಪರಿಹಾರ ಇಷ್ಟು ಅಂತ ಅಧಿಕಾರಿ ಆಗ ಮಾಡಿದ ಆದೇಶ) ಪ್ರತಿ ಜೊತೆ ಹಚ್ಚಿ ನೋಡು. ಬದು ಹತ್ತಿದ ಮಾತ್ರಕ್ಕೆ ಅಧಿಸೂಚನೆ ಒಂದೇ ಆಗಿರಬೇಕು ಅಂತಿಲ್ಲ. ಬೇರೆ ಆಗಿದ್ದರೆ ಈ ದಾರಿ ಇಲ್ಲ.

ಮೂರು ತಿಂಗಳು ದಾಟಿದ್ದರೂ ಕೈ ಬಿಡಬೇಡ. ಅದೇ ಅಧಿಸೂಚನೆಯಲ್ಲಿ ಬೇರೆಯವರ ಹೊಸ ತೀರ್ಪು ಬಂದಿದೆಯಾ ವಿಚಾರಿಸು. ಮೊದಲ ತೀರ್ಪೇ ಆಗಬೇಕಿಲ್ಲ, ಆಮೇಲಿನ ತೀರ್ಪು ಹಿಡಿದೂ ಕೇಳಬಹುದು ಎಂದು 1995ರಲ್ಲಿ ಪ್ರದೀಪ್ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪಿನ ಮೇಲೆ ಸರ್ಕಾರ ಅಪೀಲು ಹೋದರೆ ನಿಮ್ಮ ಅರ್ಜಿಯೂ ಕಾಯುತ್ತಾ ಬೀಳುತ್ತದೆ. ಬೀಳಲಿ. ಅರ್ಜಿಯೇ ಇಲ್ಲದಿದ್ದರೆ ಕಾಯಲಿಕ್ಕಾದರೂ ಏನಿರುತ್ತದೆ?

ಕಬ್ಬಿನ ಹೊಲ, ಮುಧೋಳ:

ಒಟ್ಟಾಗಿ ಹೋಗೋದು ಕೇಳೋಕೆ ಚೆಂದ. ನಮ್ಮೂರಲ್ಲಿ 31 ಮಂದಿ ಸೇರಿ ರಸ್ತೆ ವಿಷಯಕ್ಕೆ ದಾವೆ ಹಾಕಿದ್ದೆವು. ಮೊದಲ ತಾರೀಖಿಗೆ ಎರಡು ಟಂಟಂ ಮಾಡಿಕೊಂಡು ಹೋದೆವು, ಕೋರ್ಟಿನ ಮುಂದೆ ಮಂಡಕ್ಕಿ ಮಿರ್ಚಿ ತಿಂದು ಬಂದೆವು, ಜಾತ್ರೆ ಇದ್ದಂಗಿತ್ತು. ನಾಲ್ಕನೇ ತಾರೀಖಿಗೆ ಆರು ಮಂದಿ. ಆಮೇಲೆ ನಾನೊಬ್ಬನೇ. ನುರಿಸುವ ಹಂಗಾಮು ಬಂತು, ಕಬ್ಬು ಕಡಿಯುವ ಗ್ಯಾಂಗ್ ಬಂತು, ನಾನೂ ಬಿಟ್ಟೆ. ವಾದಿಗಳು ಗೈರು ಅಂತ ದಾವೆ ವಜಾ ಆಯಿತು. ಊರಲ್ಲಿ ಎಲ್ಲರೂ ವಕೀಲರನ್ನೇ ಬೈದರು. ನಾನೂ ಬೈದೆ. ಅವರು ಮೂರು ಸಲ ಫೋನ್ ಮಾಡಿದ್ದರು, ನಾನು ಎತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಿಲ್ಲ, ಇಲ್ಲೇ ಮೊದಲು.

ಅದಕ್ಕೇ ಅನ್ನೋದು, 19 ಮಂದಿ ಸಹಿ ಮುಖ್ಯ ಅಲ್ಲ. ತಾರೀಖಿಗೆ ಹೋಗೋರು ಯಾರು, ಅವರ ಬಸ್ ಚಾರ್ಜ್ ಕೊಡೋರು ಯಾರು? ಅದನ್ನು ಮೊದಲು ತೀರ್ಮಾನ ಮಾಡಿ.

ವಕೀಲೆ, ಜಮಖಂಡಿ:

ಶಿರಸ್ತೇದಾರ್ ಸರ್ ಹೇಳಿದ್ದರಲ್ಲಿ ಕಾನೂನಿನ ಮಾತು ಸರಿ ಇದೆ. ಆದರೆ ಸರ್, ವಕೀಲರೇ ಬೇಡ ಅನ್ನೋ ಹಾಗೆ ಬರೆದಿರಿ. ಅರ್ಜಿ ಕೊಡಲು ಬೇಕಿಲ್ಲ, ನಿಜ. ಅಧಿಕಾರಿ ಕೊಟ್ಟ ದರ ಕಡಿಮೆ ಅನ್ನಿಸಿದರೆ ಅದೇ ಸೆಕ್ಷನ್ನಿನಲ್ಲಿ ಮತ್ತೆ ಕೋರ್ಟಿಗೆ ಒಪ್ಪಿಸಿ ಎಂದು ಕೇಳಬೇಕಾಗುತ್ತದೆ. ಆಗ ಬೇಕೇ ಬೇಕು.

ಅಂಗಡಿ ಅಣ್ಣಾವ್ರಿಗೆ ಎರಡು ಮಾತು. ನಿಮ್ಮದು ಒಂದು ಕೇಸಲ್ಲ, ಎರಡು. ಪರಿಹಾರ ಅನ್ನೋದು ಮನೆ ಮನೆಯ ಹಕ್ಕು. ಪ್ರತಿ ಸರ್ವೆ ನಂಬರಿಗೂ ಬೇರೆ ಅರ್ಜಿ. ಸ್ಮಶಾನ ಊರಿನದು. ಅದನ್ನು ಇದಕ್ಕೆ ಗಂಟು ಹಾಕಬೇಡಿ. ಸ್ಮಶಾನ ಇಲ್ಲದ ಹಳ್ಳಿಗಳಿಗೆ ಜಾಗ ಕೊಡಬೇಕು ಎಂದು 2019ರಲ್ಲೇ ನಮ್ಮ ಹೈಕೋರ್ಟ್ ಆದೇಶ ಮಾಡಿದೆ. ಅದನ್ನು ಪಾಲಿಸಲಿಲ್ಲ ಅಂತ ನ್ಯಾಯಾಂಗ ನಿಂದನೆ ಅರ್ಜಿಯೂ ನಡೆಯಿತು. ಆ ಆದೇಶದ ಪ್ರತಿ ಹಚ್ಚಿ ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗೂ ಮನವಿ ಕೊಡಿ. ಗ್ರಾಮಸಭೆಯಲ್ಲಿ ಠರಾವು ಬರೆಸಿ. ಆಗಲಿಲ್ಲ ಅಂದರೆ ಧಾರವಾಡ ಪೀಠಕ್ಕೆ ರಿಟ್ ಹೋಗಬಹುದು. ಬಾಗಲಕೋಟೆಯವರಿಗೆ 2008ರಿಂದ ಬೆಂಗಳೂರಿನ ಓಡಾಟ ತಪ್ಪಿದೆ, ಅದೊಂದು ಪುಣ್ಯ.

ಖರ್ಚಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. ತಾಲೂಕು ಕೋರ್ಟಿನಲ್ಲೇ ಸಮಿತಿ ಇದೆ. 15100ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ.

ನಾನು ಊರಿನ ಕೇಸು ಹಿಡಿದಾಗ ಹೇಗೆ ಮಾಡುತ್ತೇನೆ ಹೇಳ್ತೀನಿ. ಆಫೀಸಿಗೆ ಕರೆಯಲ್ಲ, ನಾನೇ ಹೋಗುತ್ತೇನೆ, ಸಂಜೆ ಹೊತ್ತು, ಹೆಣ್ಣುಮಕ್ಕಳು ಹೊಲದಿಂದ ಬಂದ ಮೇಲೆ. ಅಫಿಡವಿಟ್ಟನ್ನು ಕನ್ನಡದಲ್ಲಿ ಜೋರಾಗಿ ಓದುತ್ತೇನೆ. ಒಂದು ಸಲ ಹೀಗೆ ಓದುವಾಗ ಹಿಂದೆ ಕೂತಿದ್ದ ಒಬ್ಬ ಆಯಿ ತಡೆದರು. “ಹಳ್ಳದ ಕಡೆ ಹೊಲ ಖುಷ್ಕಿ ಅಂತ ಓದಿದಿ ಅಲ್ಲವ್ವಾ, ಅಲ್ಲಿ ನಮ್ಮ ಬಾವಿ ಇತ್ತು, ನಾನೇ ಮಟ್ಟಿ ಹೊಡೆದು ನೀರು ಎತ್ತೀನಿ” ಅಂದರು. ಮೂರು ಎಕರೆ ನೀರಾವರಿ ಹೊಲವನ್ನು ಹಳೇ ಕಾಗದದಲ್ಲಿ ಖುಷ್ಕಿ ಅಂತ ಬರೆದಿದ್ದರು, ನಾನು ಅದನ್ನೇ ಟೈಪ್ ಮಾಡಿಸಿದ್ದೆ. ಆಫೀಸಿನಲ್ಲಿ ಕೂತಿದ್ದರೆ ನನಗೆ ಇದು ಎಲ್ಲಿ ಗೊತ್ತಾಗಬೇಕು? ಆಮೇಲೆ ಬಾವಿಯ ಸಾಕ್ಷಿಗೆ ಹಳೇ ಉತಾರ ಹುಡುಕಿಸಿದೆವು, ಸಿಕ್ಕಿತು.

ವಾರಸಾ ನೋಡಿ. ಅಪ್ಪ ತೀರಿದ್ದರೆ ಗಂಡುಮಕ್ಕಳ ಹೆಸರು ಮಾತ್ರ ಬರೆದು ಮುಗಿಸುತ್ತಾರೆ. ಕೊಟ್ಟ ಮನೆಯಲ್ಲಿರುವ ಅಕ್ಕ ತಂಗಿಯರನ್ನೂ ಈಗಲೇ ಸೇರಿಸಿ. ಹಣ ಬರುವ ಹೊತ್ತಿಗೆ ಅವರ ತಕರಾರು ಬಂದು ಎಲ್ಲ ನಿಂತ ಕೇಸು ನಾನೇ ಎಷ್ಟೋ ನೋಡಿದ್ದೇನೆ. ತಕರಾರು ಅವರದ್ದು ತಪ್ಪೂ ಅಲ್ಲ.

ಮುಧೋಳದ ಅಣ್ಣನ ಮಾತಿಗೆ: ಕೋರ್ಟೊಂದನ್ನೇ ನೆಚ್ಚಿದರೆ ಮಂದಿ ಕರಗುತ್ತಾರೆ. 1987ರಲ್ಲಿ ಹಾನಗಲ್ಲ ಕಡೆ ಕುಸನೂರಿನಲ್ಲಿ ಏನಾಯಿತು ನೋಡಿ. ಊರ ಗೋಮಾಳ ಕಾರ್ಖಾನೆಯ ನೀಲಗಿರಿಗೆ ಹೋಗಿತ್ತು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೂ ಹೋದರು, ಊರಿನವರ ಜೊತೆ ಹೊಲಕ್ಕೂ ಇಳಿದರು. ನೀಲಗಿರಿ ಸಸಿ ಕಿತ್ತು, ಉಪಯೋಗದ ಗಿಡ ಹಚ್ಚಿದರು. ಕಿತ್ತಿಕೋ ಹಚ್ಚಿಕೋ ಅಂತಲೇ ಅದಕ್ಕೆ ಹೆಸರು. ತಾರೀಖು ಮುಂದೆ ಹೋದರೂ ಊರಲ್ಲಿ ಮಾಡೋಕೆ ಕೆಲಸ ಇತ್ತು ಅವರಿಗೆ.

ಝೆರಾಕ್ಸ್ ಅಂಗಡಿ, ಬೀಳಗಿ ತಾಲೂಕು:

ಹತ್ತು ದಿನ ಆಯಿತು, ಏನಾಯಿತು ಹೇಳಿಬಿಡ್ತೀನಿ.

ಬಾಂಡು ವಾಪಸ್ ಕೊಟ್ಟೆ. ಕಾರಿನವರು ಬಂದು ಅಂಗಡಿ ಮುಂದೆ ಸ್ವಲ್ಪ ಜೋರು ಮಾಡಿದರು. ಟೋನರ್ ಬಂತಾ ಅಂತ ಕೇಳಿದರು. ಬಂತು, ಬಾಂಡು ಹೋದವು ಅಂದೆ. ಮುತ್ಯಾ ಮಾತ್ರ ನನ್ನ ಮೇಲೇ ಸಿಟ್ಟಾದ. ಬರೋ ರೊಕ್ಕಕ್ಕೆ ಅಡ್ಡ ಬಂದೆ ಅಂತ ಎರಡು ದಿನ ಮಾತಾಡಲಿಲ್ಲ.

ಅಧಿಸೂಚನೆ ನಂಬರ್ ಹಚ್ಚಿ ನೋಡಿದೆವು. 19ರಲ್ಲಿ 14 ಮನೆಯವು ಅದೇ ಅಧಿಸೂಚನೆ. ಐದು ಬೇರೆ. ಆ ಐದರಲ್ಲಿ ನಮ್ಮದೂ ಒಂದು. ಸತ್ಯ ಹೇಳಬೇಕಂದರೆ ಅವತ್ತು ರಾತ್ರಿ ಅಂಗಡಿ ಬೇಗ ಮುಚ್ಚಿದೆ. ಬದು ಹತ್ತಿದ ಮಾತ್ರಕ್ಕೆ ಅಂತ ನೀವು ಬರೆದದ್ದೇ ನೆನಪಾಯಿತು ಸರ್. ನಮ್ಮ ಅಧಿಸೂಚನೆಯಲ್ಲಿ ಯಾರಾದರೂ ಕೋರ್ಟಿಗೆ ಹೋಗಿದ್ದಾರಾ ಅಂತ ಈಗ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿದ್ದೇನೆ.

ಆ 14ರ ಅರ್ಜಿ ನಾನೇ ಟೈಪ್ ಮಾಡಿದೆ. ಭಾನುವಾರ ಗುಡಿಯಲ್ಲಿ ಓದಿದೆ, ಅಕ್ಕಾವ್ರು ಹೇಳಿದಂಗೆ ಜೋರಾಗಿ. ಎರಡು ಸರ್ವೆ ನಂಬರ್ ತಪ್ಪು ಸಿಕ್ಕವು, ಒಬ್ಬ ತಂಗಿಯ ಹೆಸರೇ ಬಿಟ್ಟಿತ್ತು. ತಾರೀಖಿಗೆ ಹೋಗೋಕೆ ಇಬ್ಬಿಬ್ಬರ ಪಾಳಿ ಮಾಡಿದ್ದೇವೆ, ಬಸ್ ಚಾರ್ಜು ಮನೆಗೆ ಇಪ್ಪತ್ತು ರೂಪಾಯಿಯಂತೆ. ಸ್ಮಶಾನದ ಮನವಿಗೆ ಮೊದಲ ಸಹಿ ಯಾರದು ಅಂತ ಬಂದಾಗ ಮುತ್ಯಾ ಎದ್ದ. ನನಗೇ ಮೊದಲು ಬೇಕಾಗೋದು, ನಾನೇ ಒತ್ತುತೀನಿ ಅಂದ. ಎಲ್ಲರೂ ನಕ್ಕರು.

ನಕಲಿಗೆ ಹಿಡಿದ ದಿನ ಬಿಟ್ಟು ಇನ್ನೂ ಮೂರು ವಾರ ಇದೆ. ಆದರೂ ಸೋಮವಾರವೇ ಹೋಗುತ್ತೇವೆ. ಒಂದೇ ಅನುಮಾನ ಸರ್. ಸ್ವೀಕೃತಿ ಮೊಹರು 14 ಅರ್ಜಿಗೂ ಬೇರೆ ಬೇರೆ ಹಾಕಿಸಬೇಕಾ, ಮೇಲಿನ ಪತ್ರಕ್ಕೆ ಒಂದು ಹಾಕಿದರೆ ಸಾಕಾ?

ನಿವೃತ್ತ ಶಿರಸ್ತೇದಾರ, ನವನಗರ ಬಾಗಲಕೋಟೆ:

ಹದಿನಾಲ್ಕಕ್ಕೂ ಬೇರೆ ಬೇರೆ. ಮೊಹರಿನೊಳಗೆ ತಾರೀಖು ಕಾಣುತ್ತದಾ ನೋಡಿಕೊಂಡೇ ಅಲ್ಲಿಂದ ಏಳು. ಮಸಿ ಮಾಸಿದ್ದರೆ ಮತ್ತೊಂದು ಸಲ ಒತ್ತಿಸು. ಊಟದ ಹೊತ್ತಿಗೆ ಹೋಗಬೇಡ, ಹನ್ನೊಂದಕ್ಕೆಲ್ಲ ಅಲ್ಲಿರು.