ಈ ಆಮೆಗೆ ಚಿಪ್ಪೇ ಇಲ್ವಲ್ಲ, ಫೋಟೋ ನಿಜವಾ?

ಪ್ರಶ್ನೆ: ಮೇಡಂ, ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಹಳೇ ಕಪ್ಪು-ಬಿಳುಪು ಫೋಟೋ ಬಂದಿದೆ. ದೈತ್ಯ ಆಮೆಯ ಅಸ್ಥಿಪಂಜರ, ಪಕ್ಕದಲ್ಲಿ ಒಬ್ಬ ಮನುಷ್ಯ. ಕೆಳಗೆ ‘ಆರ್ಕೆಲಾನ್ ಎಂಬ ಡೈನೋಸಾರ್’ ಅಂತ ಬರೆದಿದ್ದಾರೆ. ಆದರೆ ಬೆನ್ನ ಮೇಲೆ ಚಿಪ್ಪಿಲ್ಲ, ಬರೀ ಪಕ್ಕೆಲುಬು. ಹಿಂಗಾಲೊಂದು ಅರ್ಧಕ್ಕೇ ನಿಂತಿದೆ. ಯಾರೋ ಸುಮ್ನೆ ಕಂಪ್ಯೂಟರಿನಲ್ಲಿ ಮಾಡಿದ್ದು ಅಲ್ವಾ?

ಉತ್ತರ (ಪಳೆಯುಳಿಕೆ ಸಂಶೋಧಕಿ): ಫೋಟೋ ನಿಜವೇ. ಡೈನೋಸಾರ್ ಅನ್ನೋದು ಮಾತ್ರ ತಪ್ಪು, ಇದು ಅಪ್ಪಟ ಕಡಲಾಮೆ. ಅಸ್ಥಿಪಂಜರ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪೀಬಾಡಿ ಮ್ಯೂಸಿಯಂನದ್ದು. 1895ರಲ್ಲಿ ಜಾರ್ಜ್ ವೀಲ್ಯಾಂಡ್ ಇದನ್ನು ಸೌತ್ ಡಕೋಟಾದಲ್ಲಿ, ಶೆಯೆನ್ ನದಿಯ ಹತ್ತಿರ ಪತ್ತೆ ಮಾಡಿದರು. ಮರುವರ್ಷ ಆರ್ಕೆಲಾನ್ ಇಸ್ಕೈರಾಸ್ ಎಂದು ಹೆಸರಿಟ್ಟರು. ಈಗ ಅಲ್ಲಿಂದ ಸಮುದ್ರ ಸಾವಿರ ಕಿಲೋಮೀಟರಿಗೂ ದೂರ. ಆದರೆ ಸುಮಾರು ಏಳೂವರೆ ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕದ ನಟ್ಟನಡುವೆಯೇ ಕಡಲಿತ್ತು. ಅದರ ತಳದ ಕೆಸರು ಗಟ್ಟಿಯಾಗಿ ಕಲ್ಲಾಯಿತು, ಆಮೆ ಅದರೊಳಗೆ ಉಳಿಯಿತು.

ಇನ್ನು ಚಿಪ್ಪು. ಮಾಮೂಲಿ ಆಮೆಗಳಲ್ಲಿ ಪಕ್ಕೆಲುಬುಗಳು ಅಗಲವಾಗಿ ಒಂದಕ್ಕೊಂದು ಕೂಡಿ ಗಟ್ಟಿ ಹೊದಿಕೆ ಆಗುತ್ತವೆ. ಆರ್ಕೆಲಾನ್‌ನಲ್ಲಿ ಅವು ಹೆಂಚು ಹೊದಿಸದ ಮಾಡಿನ ಪಕಾಸಿಗಳ ಹಾಗೆ ಬಿಡಿಬಿಡಿಯಾಗೇ ಇದ್ದವು. ಮೇಲೆ ದಪ್ಪ ತೊಗಲು ಇದ್ದಿರಬೇಕು. ತೊಗಲು ಕೊಳೆತು ಹೋಯಿತು, ಮೂಳೆ ಉಳಿಯಿತು. ಹೊಟ್ಟೆಯ ಕಡೆ ಮಾತ್ರ ಅಂಚೆಲ್ಲ ಮುಳ್ಳುಮುಳ್ಳಾದ ದೊಡ್ಡ ಮೂಳೆ ಫಲಕಗಳಿವೆ. ಮೂತಿಯನ್ನೂ ಝೂಮ್ ಮಾಡಿ ನೋಡಿ: ಗಿಣಿಯ ಹಾಗೆ ಕೆಳಕ್ಕೆ ಬಾಗಿದ ಕೊಕ್ಕು.

ಪ್ರಶ್ನೆ: ಮತ್ತೆ ಆ ಕಾಲು? ಅಗೆಯುವಾಗ ಮುರಿದು ಹೋಯ್ತಾ?

ಉತ್ತರ: ಇಲ್ಲ, ನನಗೆ ಈ ಅಸ್ಥಿಪಂಜರದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಅದೇ. ಬಲ ಹಿಂಗಾಲಿನಲ್ಲಿ ಕೆಳಗಿನ ಭಾಗ ಇಲ್ಲ. ಉಳಿದ ಮೂಳೆ ಎಡಗಾಲಿನಷ್ಟು ಬೆಳೆದೇ ಇಲ್ಲ. ಅಂದರೆ ಇನ್ನೂ ಮರಿ ಇದ್ದಾಗಲೇ ಯಾವುದೋ ಪ್ರಾಣಿ ಕಚ್ಚಿ ತುಂಡು ಮಾಡಿರಬೇಕು. ಆ ಕಡಲಲ್ಲಿ ಶಾರ್ಕ್‌ಗಳೂ ಇದ್ದವು, ಮೋಸಸಾರ್ ಎಂಬ ಭಾರೀ ಸರೀಸೃಪಗಳೂ ಇದ್ದವು. ಆದರೂ ಆಮೆ ಸಾಯಲಿಲ್ಲ. ಈಜಲು ಮುಂಗಾಲಿನ ಬಲವೇ ಮುಖ್ಯ ನೋಡಿ, ಹಿಂಗಾಲು ದಿಕ್ಕು ತಿರುಗಿಸಲು ಜಾಸ್ತಿ ಬೇಕು. ಮೂರೂವರೆ ಕಾಲಲ್ಲೇ ಅಷ್ಟು ದೊಡ್ಡದಾಗಿದೆ!

ಇನ್ನೊಬ್ಬರ ಪ್ರಶ್ನೆ: ನಮ್ಮ ಹೊನ್ನಾವರದ ಕಡೆ ಮೊಟ್ಟೆ ಇಡೋಕೆ ಬರುವ ಕಡಲಾಮೆಗಳಿಗೆ ಇದೇ ಮುತ್ತಜ್ಜನಾ?

ಉತ್ತರ: ಅಲ್ಲ ಸರ್. ಅವು ಆಲಿವ್ ರಿಡ್ಲಿಗಳು, ಬೇರೆ ಕವಲು. ಆರ್ಕೆಲಾನ್ ಸೇರಿದ ಪ್ರೊಟೊಸ್ಟೆಜಿಡೇ ಕುಟುಂಬದ ಒಂದು ಆಮೆಯೂ ಇವತ್ತು ಉಳಿದಿಲ್ಲ. ತೊಗಲಿನ ಬೆನ್ನಿನ ವಿಷಯಕ್ಕೆ ಬಂದರೆ, ಈಗಿನ ಆಮೆಗಳಲ್ಲಿ ಅಂಡಮಾನ್-ನಿಕೋಬಾರ್‌ಗೆ ಬರುವ ಲೆದರ್‌ಬ್ಯಾಕ್ ಇದಕ್ಕೆ ಹೋಲುತ್ತದೆ. ಇವೆರಡೂ ಹತ್ತಿರದ ನೆಂಟರೇ ಅನ್ನೋದರಲ್ಲಿ ನಮ್ಮವರಲ್ಲೇ ಒಮ್ಮತವಿಲ್ಲ.

ಪ್ರಶ್ನೆ: ಇದಕ್ಕಿಂತ ದೊಡ್ಡದು ಸಿಕ್ಕಿದೆಯಾ?

ಉತ್ತರ: ಸಿಕ್ಕಿದೆ, ಅದೂ ಆರ್ಕೆಲಾನೇ. ಯೇಲ್‌ನದ್ದು ಸುಮಾರು 3.5 ಮೀಟರ್. ವಿಯೆನ್ನಾದ ನೈಸರ್ಗಿಕ ಇತಿಹಾಸ ಮ್ಯೂಸಿಯಂನಲ್ಲಿರುವುದು ಸುಮಾರು 4.5 ಮೀಟರ್. ಆ ಕಡೆ ಹೋದರೆ ತಪ್ಪದೇ ನೋಡಿ.