ಅಪ್‌ಡೇಟ್: ಅಣಬೆ ಚೀಲದ ಹಸಿರು ಬೂಷ್ಟು ನಿಂತಿತು

ಹತ್ತೇ ಚೀಲದಲ್ಲಿ ಚಿಪ್ಪು ಅಣಬೆ ಶುರು ಮಾಡಿದ್ದು, ಆರು ಚೀಲಕ್ಕೆ ಹಸಿರು ಬೂಷ್ಟು ಹಿಡಿದಿದೆ, ಏನ್ ಮಾಡ್ಲಿ ಅಂತ ಕೇಳಿದ್ದೆನಲ್ಲ, 25 ದಿನದ ನಂತರದ ವರದಿ ಇದು.

ಕೈ ಹಿಡಿದದ್ದು "ಹುಲ್ಲು ಹಿಂಡಿ ನೋಡಿ" ಅನ್ನೋ ಸಲಹೆ. ಭತ್ತದ ಹುಲ್ಲನ್ನು ಎರಡಿಂಚಿಗೆ ಕತ್ತರಿಸಿ, ರಾತ್ರಿಯಿಡೀ ನೆನೆಸಿ, 80 ಡಿಗ್ರಿ ನೀರಲ್ಲಿ ಒಂದು ಗಂಟೆ ಇಟ್ಟದ್ದು ಹಿಂದಿನಂತೆಯೇ. ಹುಲ್ಲಿನ ತಯಾರಿಯಲ್ಲಿ ಬದಲಾದದ್ದು ಅದರ ನೀರು ಆರಿಸೋದು ಮಾತ್ರ. ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದರೆ ಒಂದು ಹನಿಯೂ ತೊಟ್ಟಿಕ್ಕಬಾರದು, ಅಂಗೈ ಬರೀ ಒದ್ದೆಯಾಗಬೇಕು. ನೀರು ಹೆಚ್ಚಾದರೆ ಗಾಳಿಯಾಡದೆ ಅಣಬೆಯ ಬಿಳಿ ಎಳೆ ನಿಧಾನವಾಗುತ್ತೆ, ಅಷ್ಟರಲ್ಲಿ ಟ್ರೈಕೋಡರ್ಮಾ, ಅಂದ್ರೆ ಆ ಹಸಿರು ಬೂಷ್ಟು, ಜಾಗ ಹಿಡಿಯುತ್ತೆ.

ಬೇವಿನೆಣ್ಣೆ ಸಿಂಪಡಣೆ ದಂಡ. ಹಸಿರು ಹಿಡಿದ ಚೀಲ ಬಿಚ್ಚಲೇಬೇಡಿ, ಹಾಗೇ ದೂರ ಸಾಗಿಸಿ.

ಗೊತ್ತಿರದಿದ್ದ ಸಂಗತಿ ಅಂದ್ರೆ ಅಣಬೆ ಬೀಜದಲ್ಲಿ (ಕಾಳಿನ ಮೇಲೆ ಬೆಳೆಸಿದ ಅಣಬೆ ಎಳೆ) ಜಿಪುಣತನ ನಡೆಯಲ್ಲ. 5 ಕಿಲೋ ಒದ್ದೆ ಹುಲ್ಲಿಗೆ 150 ಗ್ರಾಂ ಸಾಲಲಿಲ್ಲ. 400 ಗ್ರಾಂ ಹಾಕಿದ ಚೀಲ 17 ದಿನಕ್ಕೆ ಪೂರ್ತಿ ಬೆಳ್ಳಗಾಯ್ತು. ಈ ಸಲ ಹತ್ತರಲ್ಲಿ ಒಂದೇ ಕೆಟ್ಟಿದ್ದು, ಅದೂ ಬಾಯಿ ಸರಿಯಾಗಿ ಕಟ್ಟದೆ. ಕೊಯ್ಲು ಮಾತ್ರ ಅಣಬೆ ಕೊಡೆಯ ಅಂಚು ಮೇಲಕ್ಕೆ ಮಡಚುವ ಮೊದಲೇ ಮುಗಿಸಿ, ಇಲ್ಲದಿದ್ರೆ ಅಣಬೆ ಉದುರಿಸುವ ಬೀಜಕದ (ಸ್ಪೋರ್) ಧೂಳಿಗೆ ಮನೆಮಂದಿಗೆಲ್ಲ ಕೆಮ್ಮು.